ಸಾಕೆಟ್ ಹೊಸದು, ತೊಂದರೆ ಹಳೆಯದು: ಒಂದು ಗೀಸರ್ ಪಾಯಿಂಟಿನ ಪ್ರಕರಣ ಅಧ್ಯಯನ

ಮೈಸೂರಿನ ಒಂದು ನೆಲಮಹಡಿ ಮನೆ, 1990ರ ದಶಕದ ಆರಂಭದಲ್ಲಿ ಕಟ್ಟಿದ್ದು. ಗೋಡೆಯೊಳಗೆ ಪಿವಿಸಿ ಪೈಪು, ಅದರಲ್ಲಿ ತಾಮ್ರದ ವೈರು, ಮರದ ಬಾಕ್ಸು, ಮೇಲೆ ಬೇಕಲೈಟ್ ಸಾಕೆಟ್ಟು. ಆ ಕಾಲದ ರೂಢಿಯ ವೈರಿಂಗ್. ಬಚ್ಚಲುಮನೆಯಲ್ಲಿ 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್. ಅದರ ಸಾಕೆಟ್ ಒಳಗೆ ಗೀಸರ್ ಪಕ್ಕದಲ್ಲಿ ಎತ್ತರಕ್ಕೆ, ಸ್ವಿಚ್ ಹೊರಗೆ ಬಾಗಿಲ ಬಳಿಯ ಬೋರ್ಡಿನಲ್ಲಿ.

ಹಳೆಯ ಸಾಕೆಟ್ಟಿನ ಬಲಗಡೆಯ ತೂತು ಸುಟ್ಟು ಕಪ್ಪಾಗಿತ್ತು. ಮನೆಯವರು ಪರಿಚಯದ ಕೆಲಸಗಾರನಿಂದ ಅದನ್ನು ತೆಗೆಸಿ ಹೊಸ ಮಾಡ್ಯುಲರ್ ಸಾಕೆಟ್ ಹಾಕಿಸಿದರು. ಗೀಸರ್ ಸ್ವಿಚ್ ಹಾಕಿದ ಕ್ಷಣವೇ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು, ಬಿತ್ತು. ಎರಡು ಮೂರು ಸಲ ಎತ್ತಿದರೂ ಅದೇ ಕಥೆ. ಹಳೆಯ ಸಾಕೆಟ್ಟಿನಲ್ಲಿ ಬೀಳದಿದ್ದದ್ದು ಈಗ ಬೀಳುತ್ತದೆಂದರೆ ಆರ್‌ಸಿಸಿಬಿಯೇ ಕೆಟ್ಟಿರಬೇಕು ಎಂದು ತೀರ್ಮಾನಿಸಿ, ಗೀಸರ್ ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಬರುವ ಫೇಸನ್ನು (ಕರೆಂಟು ತರುವ ವೈರು) ಆರ್‌ಸಿಸಿಬಿ ದಾಟಿಸದೆ ಮೇನ್ ಸ್ವಿಚ್ಚಿನಿಂದ ನೇರವಾಗಿ ಕೊಟ್ಟರು. ನೀರು ಕಾಯಿತು. ಎರಡು ವಾರದೊಳಗೆ ಹೊಸ ಸಾಕೆಟ್ಟಿನ ಬಲ ತೂತಿನ ಸುತ್ತ ಕಂದು ಬಣ್ಣ, ಗೀಸರ್ ಹಾಕಿದಾಗ ಮೀನಿನಂಥ ವಾಸನೆ, ನಲ್ಲಿ ಮುಟ್ಟಿದರೆ ಜುಮ್ಮೆನ್ನುವ ಅನುಭವ. "ಈ ಕಂಪನಿ ಸಾಕೆಟ್ ಚೆನ್ನಾಗಿಲ್ಲ, ಬೇರೆ ಹಾಕಿಕೊಡಿ" ಎಂಬುದು ಮನೆಯವರ ಕೋರಿಕೆ.

ಸಾಕೆಟ್ಟಿನಲ್ಲಿ ದೋಷವಿರಲಿಲ್ಲ. ಐಎಸ್ 1293 ಎಂಬ ಭಾರತೀಯ ಮಾನಕದ ಮುದ್ರೆಯ 16 ಆಂಪಿಯರಿನ ಒಳ್ಳೆಯ ಸಾಕೆಟ್ಟೇ ಅದು. ದೋಷ ನಾಲ್ಕು ಕಡೆ ಇತ್ತು: ಪ್ಲಗ್ಗಿನಲ್ಲಿ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ಲಿನಲ್ಲಿ, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವೈರಿನಲ್ಲಿ, ಗೋಡೆಯ ಮೇಲ್ತುದಿಯ ಜಂಕ್ಷನ್ ಬಾಕ್ಸಿನಲ್ಲಿ. ಇವು ಒಂದನ್ನೊಂದು ಮರೆಮಾಡಿಕೊಂಡಿದ್ದವು. ಯಾವುದನ್ನು ಮೊದಲು ನೋಡಬೇಕು, ಯಾವ ಅಳತೆ ಏನು ಹೇಳುತ್ತದೆ ಎಂಬುದೇ ಈ ಪ್ರಕರಣದ ಸಾರ.

ಬಾಕ್ಸ್ ಬಿಚ್ಚುವ ಮುನ್ನ

ಮೊದಲು ಗೀಸರ್ ಬಳಕೆ ಪೂರ್ತಿ ನಿಲ್ಲಿಸಲಾಯಿತು. ನಲ್ಲಿಯಲ್ಲಿ ಜುಮ್ಮೆಂದರೆ ನಾಳೆ ನೋಡೋಣ ಎನ್ನುವ ಮಾತಿಲ್ಲ.

ಈ ಮನೆಯಲ್ಲಿ ಇನ್ವರ್ಟರ್ ಇದೆ. ಲೈಟು, ಫ್ಯಾನು, ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನು ಎಲ್ಲ ಅದರ ಮೇಲೆ. ಗೀಸರ್ ಎಂಸಿಬಿಯನ್ನಷ್ಟೇ ಇಳಿಸಿ ಕೈ ಹಾಕುವುದು ಎರಡು ಕಾರಣಕ್ಕೆ ಅಪಾಯ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಉಳಿಯುತ್ತದೆ. ಮೇನ್ ಇಳಿಸಿದರೂ ಇನ್ವರ್ಟರ್ ತನ್ನ ಪಾಡಿಗೆ 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಡಬಲ್ ಪೋಲ್ ಮೇನ್ ಇಳಿಸಿ, ಇನ್ವರ್ಟರ್ ಆಫ್ ಮಾಡಿ, ಮೇನ್ ಮೇಲೆ ಟೇಪ್ ಸುತ್ತಿ, ಆಮೇಲೆ ಪ್ಲೇಟ್ ಬಿಚ್ಚಲಾಯಿತು. ಟೆಸ್ಟರನ್ನು ಕರೆಂಟ್ ಇರುವ ಜಾಗದಲ್ಲಿ ಮೊದಲು ಹಚ್ಚಿ ಅದು ಕೆಲಸ ಮಾಡುತ್ತಿದೆ ಎಂದು ಖಾತ್ರಿಪಡಿಸಿಕೊಳ್ಳಬೇಕು. ಮೇನ್ ಇಳಿಸಿದ ಮೇಲೆ ಸಾಕೆಟ್ಟಿನ ಮೂರೂ ಟರ್ಮಿನಲ್ ನೋಡಬೇಕು. ಕೊನೆಗೆ ಮೇನಿಗೆ ಕರೆಂಟ್ ಬಂದು ಸೇರುವ ಬದಿಯಂಥ ಕರೆಂಟ್ ಇರುವ ಜಾಗದಲ್ಲಿ ಮತ್ತೊಮ್ಮೆ ಹಚ್ಚಿ ಟೆಸ್ಟರ್ ನಡುವೆ ಕೆಟ್ಟಿಲ್ಲ ಎಂದು ನೋಡಬೇಕು. ಬೆಳಗದ ಟೆಸ್ಟರ್ ಅಂದರೆ ಕರೆಂಟ್ ಇಲ್ಲವೆಂದೋ ಟೆಸ್ಟರ್ ಕೆಟ್ಟಿದೆಯೆಂದೋ ಎರಡೂ ಆಗಬಹುದು.

ಒಳಗೆ ಕಂಡದ್ದು ಇಷ್ಟು. ಫೇಸ್ ವೈರು ಹಳೆಯ 3/20, ಅಂದರೆ 20ನೇ ಗೇಜಿನ ಮೂರು ಎಳೆ, ಸುಮಾರು 2 ಚದರ ಮಿಲಿಮೀಟರ್. ತುದಿಯ ಎರಡು ಮೂರು ಇಂಚು ಇನ್ಸುಲೇಷನ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ತಾಮ್ರ ಕಪ್ಪಾಗಿತ್ತು. ಆ ಕಪ್ಪು ತುದಿಯನ್ನೇ ಹೊಸ ಟರ್ಮಿನಲ್ಲಿಗೆ ಹಾಕಿ ಸ್ಕ್ರೂ ಬಿಗಿದಿದ್ದರು. ಅದೇ ಬಣ್ಣದ ಹಳೆಯ ನ್ಯೂಟ್ರಲ್ ವೈರು ತುಂಡಾಗಿ, ಒಂದಿಂಚಿನ ಬಾಲ ಮಾತ್ರ ಪೈಪಿನ ಬಾಯಲ್ಲಿ ಉಳಿದಿತ್ತು. ಹೊಸ ಸಾಕೆಟ್ಟಿನ ನ್ಯೂಟ್ರಲ್ಲಿಗೆ ಹಾಕಿದ್ದು ಬೇರೊಂದು ತೆಳ್ಳನೆಯ ಕಪ್ಪು ವೈರು, ಮೇಲಿನ ಎಕ್ಸಾಸ್ಟ್ ಫ್ಯಾನ್ ಪಾಯಿಂಟಿನಿಂದ ಇಳಿಸಿಕೊಂಡದ್ದು. ಹಸಿರು ವೈರೊಂದು ಅರ್ಥ್ ಟರ್ಮಿನಲ್ಲಿಗೆ ಬಿಗಿಯಾಗಿ ಸೇರಿತ್ತು, ನೋಡಲು ಎಲ್ಲ ಸರಿ.

ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಶಾಖಕ್ಕೆ ಒಣಗಿದ ನ್ಯೂಟ್ರಲ್ಲನ್ನು ಬಾಗಿಸುವಾಗ ಅದು ಮುರಿದಿದೆ, ಉಳಿದ ಬಾಲ ಹೊಸ ಟರ್ಮಿನಲ್ಲಿಗೆ ಎಟುಕಿಲ್ಲ. ಹಳೆಯ ಮನೆಗಳಲ್ಲಿ ಸಾಕೆಟ್ ಬದಲಿಸುವಾಗ ಬರುವ ಮೊದಲ ಅಡಚಣೆಯೇ ಈ ಗಿಡ್ಡ ವೈರು. ಹಾಗಾದಾಗ ಪಕ್ಕದಿಂದ ನ್ಯೂಟ್ರಲ್ ಸಾಲ ತರುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟ ದಾರಿಯೂ ಹೌದು.

ಆರ್‌ಸಿಸಿಬಿ ಸುಮ್ಮನೆ ಬೀಳಲಿಲ್ಲ

ಆರ್‌ಸಿಸಿಬಿ ನೋಡುವುದು ಒಂದೇ ಲೆಕ್ಕ: ಫೇಸಿನಲ್ಲಿ ಹೋದ ಕರೆಂಟು ತನ್ನದೇ ನ್ಯೂಟ್ರಲ್ಲಿನಲ್ಲಿ ವಾಪಸು ಬಂತೇ? ಮನೆಗೆ ಹಾಕುವ 30 ಮಿಲಿಆಂಪಿಯರಿನ ಸಾಮಾನ್ಯ ಆರ್‌ಸಿಸಿಬಿ 15 ಮಿಲಿಆಂಪಿಯರ್‌ವರೆಗಿನ ವ್ಯತ್ಯಾಸಕ್ಕೆ ಬೀಳಬಾರದು, 30 ಮುಟ್ಟಿದರೆ 0.3 ಸೆಕೆಂಡಿನೊಳಗೆ ಬೀಳಲೇಬೇಕು.

ಈ ಮನೆಯಲ್ಲಿ ಅದನ್ನು ಕೂರಿಸಿರುವುದು ಪವರ್ ಸರ್ಕ್ಯೂಟುಗಳಿಗೆ ಮಾತ್ರ, ಅಂದರೆ ಗೀಸರ್, ಅಡುಗೆಮನೆ, ವಾಷಿಂಗ್ ಮೆಷಿನ್. ಲೈಟಿನ ಸರ್ಕ್ಯೂಟುಗಳು ಇನ್ವರ್ಟರ್ ಮೂಲಕ ಬೇರೆ ನ್ಯೂಟ್ರಲ್ ಬಾರಿನಲ್ಲಿವೆ (ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ಲೋಹದ ಪಟ್ಟಿ). ಗೀಸರಿನ ಫೇಸ್ ಆರ್‌ಸಿಸಿಬಿ ದಾಟಿ ಬಂತು. ಕರೆಂಟು ವಾಪಸು ಹೋದದ್ದು ಎಕ್ಸಾಸ್ಟ್ ಫ್ಯಾನಿನ ನ್ಯೂಟ್ರಲ್ಲಿನಲ್ಲಿ, ಆರ್‌ಸಿಸಿಬಿಯ ಹೊರಗಿನಿಂದ. 2000 ವ್ಯಾಟನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. ಅಷ್ಟೂ ಲೆಕ್ಕ ತಪ್ಪಿತು. 30 ಮಿಲಿಆಂಪಿಯರಿಗೆ ಬೀಳಬೇಕಾದ ಉಪಕರಣ 8700 ಮಿಲಿಆಂಪಿಯರಿಗೆ ಬಿದ್ದದ್ದು ಅದರ ಆರೋಗ್ಯದ ಗುರುತು.

ಗೀಸರ್ ಎಲಿಮೆಂಟ್ ಲೀಕ್ ಆಗಿ ಬಿದ್ದಿತೋ ನ್ಯೂಟ್ರಲ್ ಬೆರೆತು ಬಿದ್ದಿತೋ ಎಂದು ಬೇರ್ಪಡಿಸಲು ದೊಡ್ಡ ಉಪಕರಣ ಬೇಡ. ಫೇಸನ್ನು ಮತ್ತೆ ಆರ್‌ಸಿಸಿಬಿ ಕೆಳಗೆ ತಂದು, ಅದೇ ಸಾಕೆಟ್ಟಿಗೆ ಗೀಸರ್ ಬಿಟ್ಟು 100 ವ್ಯಾಟಿನ ಬಲ್ಬ್ ಹಾಕಲಾಯಿತು. ಬಿತ್ತು. ಎರಡೇ ಪಿನ್ನಿನ, ಅರ್ಥ್ ಇಲ್ಲದ, ಲೀಕ್ ಆಗುವ ಮೈಯೇ ಇಲ್ಲದ ಬಲ್ಬಿಗೂ ಬಿತ್ತೆಂದರೆ ತಪ್ಪು ವೈರಿಂಗಿನದು. ಬಲ್ಬಿಗೆ ಬೀಳದೆ ಗೀಸರಿಗೆ ಮಾತ್ರ ಬಿದ್ದಿದ್ದರೆ ಎಲಿಮೆಂಟನ್ನು ಸಂಶಯಿಸಬೇಕಿತ್ತು. ಇಲ್ಲೊಂದು ಎಚ್ಚರಿಕೆ: ಮೊಬೈಲ್ ಚಾರ್ಜರ್ ಹಾಕಿ ಪರೀಕ್ಷೆ ಮಾಡಬಾರದು. ಅದು ಎಳೆಯುವ ಕರೆಂಟು ಕೆಲವು ಹತ್ತು ಮಿಲಿಆಂಪಿಯರ್ ಅಷ್ಟೆ. ಒಮ್ಮೆ ಬಿದ್ದು ಒಮ್ಮೆ ಬೀಳದೆ ದಾರಿ ತಪ್ಪಿಸುತ್ತದೆ.

ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ. ಮೇನ್, ಇನ್ವರ್ಟರ್, ಆರ್‌ಸಿಸಿಬಿ, ಎಲ್ಲ ಎಂಸಿಬಿ ಇಳಿಸಿ, ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿ, ಪವರ್ ನ್ಯೂಟ್ರಲ್ ಬಾರಿಗೊಂದು ಕಡ್ಡಿ, ಲೈಟ್ ನ್ಯೂಟ್ರಲ್ ಬಾರಿಗೊಂದು ಕಡ್ಡಿ. ಇವೆರಡು ಮುಟ್ಟಿಕೊಂಡಿರಬಾರದು. ಇಲ್ಲಿ ಬೀಪ್ ಬರಲಿಲ್ಲ. ಬರದಿರುವುದು ಸರಿಯೇ, ಏಕೆಂದರೆ ಗೀಸರಿನ ಹಳೆಯ ನ್ಯೂಟ್ರಲ್ ಮುರಿದು ಹೋಗಿತ್ತು, ಎರಡನ್ನೂ ಒಟ್ಟಿಗೆ ಕಟ್ಟಿರಲಿಲ್ಲ. ಅಂದರೆ ಬೀಪ್ ಬರಲಿಲ್ಲವೆಂದು ನ್ಯೂಟ್ರಲ್ ಬೆರೆತಿಲ್ಲ ಎಂದು ಹೇಳಲಾಗದು. ಸಾಕೆಟ್ಟಿನ ನ್ಯೂಟ್ರಲ್ ಟರ್ಮಿನಲ್ಲಿನಿಂದ ಎರಡೂ ನ್ಯೂಟ್ರಲ್ ಬಾರುಗಳಿಗೆ ಬೇರೆ ಬೇರೆಯಾಗಿ ನೋಡಿದಾಗ ಲೈಟಿನ ಬಾರಿಗೆ ಬೀಪ್ ಬಂತು, ಪವರ್ ಬಾರಿಗೆ ಬರಲಿಲ್ಲ. ಸಂಶಯ ಮುಗಿಯಿತು.

ಸಾಲ ತಂದ ನ್ಯೂಟ್ರಲ್ಲಿನ ಅಪಾಯ ಟ್ರಿಪ್ಪಿಗೆ ಮುಗಿಯುವುದಿಲ್ಲ. ಫ್ಯಾನಿನ ಆ ವೈರು 1/18, ಸುಮಾರು 1.2 ಚದರ ಮಿಲಿಮೀಟರಿನ ಒಂಟಿ ಎಳೆ. ಅದರ ಮೇಲೆ ಎರಡು ವಾರ 8.7 ಆಂಪಿಯರ್ ಹರಿದಿದೆ. ಫ್ಯಾನ್ ಪಾಯಿಂಟಿನ ಪ್ಲಾಸ್ಟಿಕ್ ಕನೆಕ್ಟರ್ ಕಂದಾಗಿತ್ತು. ಮುಂದೆ ಯಾರಾದರೂ ಗೀಸರ್ ಎಂಸಿಬಿ ಇಳಿಸಿ, ಸಾಕೆಟ್ಟಿನಲ್ಲಿ ಕರೆಂಟಿಲ್ಲವೆಂದು ನಂಬಿ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರುವಾಗ ಆ ಕನೆಕ್ಟರಿನ ನ್ಯೂಟ್ರಲ್ ಜೋಡಣೆ ಬಿಚ್ಚಿದರೆ ಫ್ಯಾನಿನ ಕಡೆಯ ತುದಿಯಲ್ಲಿ ಪೂರ್ತಿ ವೋಲ್ಟೇಜ್ ಬಂದು ನಿಲ್ಲುತ್ತದೆ. ಕರಿ ವೈರು, ಅಪಾಯವಿಲ್ಲ ಎಂದು ಹಿಡಿದವರಿಗೆ ಶಾಕ್ ಹೊಡೆಯುವುದು ಹೀಗೆ.

ಹಸಿರು ವೈರಿನ ಮೋಸ

ಅರ್ಥ್ ಟರ್ಮಿನಲ್ ನೋಡಲು ಅಚ್ಚುಕಟ್ಟಾಗಿತ್ತು. ಅಳೆದರೆ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 231 ವೋಲ್ಟ್, ಫೇಸಿಗೂ ಅರ್ಥಿಗೂ ನಡುವೆ 84. ಅರ್ಥ್ ಸರಿಯಿದ್ದರೆ ಎರಡನೆಯದೂ 230ರ ಆಸುಪಾಸು ಇರಬೇಕು. 84 ಎಂಬುದು ಅರ್ಧ ಅರ್ಥ್ ಅಲ್ಲ, ಅರ್ಥೇ ಇಲ್ಲ. ಎರಡೂ ಬದಿ ಎಲ್ಲಿಗೂ ತಾಗದೆ ಪೈಪಿನಲ್ಲಿ ಫೇಸ್ ವೈರಿನ ಜೊತೆಗೆ ಓಡುವ ವೈರಿನಲ್ಲಿ ಇಂಥ ಸುಳ್ಳು ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಡಿಜಿಟಲ್ ಮೀಟರ್ ತುಂಬ ಕಡಿಮೆ ಕರೆಂಟ್ ಎಳೆಯುವುದರಿಂದ ಅದನ್ನು ತೋರಿಸಿಬಿಡುತ್ತದೆ, ನಿಯಾನ್ ಟೆಸ್ಟರ್ ಮಿಣುಕುತ್ತದೆ. 15 ವ್ಯಾಟಿನ ಬಲ್ಬನ್ನು ಫೇಸಿಗೂ ಅರ್ಥಿಗೂ ನಡುವೆ ಹಚ್ಚಿದಾಗ ಅದು ಬೆಳಗಲಿಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ. ಆ ಬಲ್ಬ್ ಎಳೆಯುವುದು 65 ಮಿಲಿಆಂಪಿಯರ್. ಅರ್ಥ್ ನಿಜವಾಗಿದ್ದರೆ ಆರ್‌ಸಿಸಿಬಿ ತಕ್ಷಣ ಬೀಳಬೇಕಿತ್ತು.

ಡಿಬಿ, ಅಂದರೆ ಎಂಸಿಬಿಗಳಿರುವ ಮುಖ್ಯ ಪೆಟ್ಟಿಗೆ, ಬಿಚ್ಚಿದಾಗ ಗೀಸರಿನ ಹಸಿರು ವೈರು ಅರ್ಥ್ ಬಾರಿಗೆ ಸೇರದೆ ಹಿಂದೆ ಸುರುಳಿ ಸುತ್ತಿ ಬಿದ್ದಿತ್ತು. ಹಳೆಯ ಫ್ಯೂಸ್ ಬೋರ್ಡ್ ತೆಗೆದು ಎಂಸಿಬಿ ಹಾಕುವಾಗ ಬಿಟ್ಟುಹೋದದ್ದು. ಹೀಗಾಗಿ ಗೀಸರಿನ ಮೈ ಅರ್ಥ್ ಸಂಪರ್ಕವಿಲ್ಲದೆ ತೇಲುತ್ತಿತ್ತು, ಎಲಿಮೆಂಟಿನಿಂದ ಸೋರಿದ ಸಣ್ಣ ಕರೆಂಟು ನೀರು ಮತ್ತು ನೀರಿನ ಪೈಪಿನ ಮೂಲಕ ನಲ್ಲಿಗೆ ಬಂದು ಜುಮ್ಮೆನಿಸುತ್ತಿತ್ತು. ಗೀಸರಿನ ಪ್ಲಗ್ ಕಿತ್ತು, ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಸೇರಿಸಿ, ಅವಕ್ಕೂ ಅರ್ಥ್ ಪಿನ್ನಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ 1 ಮೆಗಾಓಮಿಗಿಂತ ಚೆನ್ನಾಗಿ ಮೇಲೆ ನಿಂತಿತು. ಎಲಿಮೆಂಟ್ ಬದಲಿಸುವ ಅಗತ್ಯವಿರಲಿಲ್ಲ.

ಜನ ಬಹಳವಾಗಿ ತಪ್ಪು ತಿಳಿಯುವುದು ಇಲ್ಲೇ: ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಅದು ಬೀಳುತ್ತದೆ, ಹಾಗಾಗಿ ಅರ್ಥಿಂಗ್ ಸರಿಯಿದೆ ಎನ್ನುತ್ತಾರೆ. ಟೆಸ್ಟ್ ಬಟನ್ ತನ್ನ ಒಳಗಿನ ರೆಸಿಸ್ಟರ್ ಮೂಲಕ ಫೇಸ್ ನ್ಯೂಟ್ರಲ್ ನಡುವೆಯೇ ವ್ಯತ್ಯಾಸ ಹುಟ್ಟಿಸುತ್ತದೆ. ಮನೆಯಲ್ಲಿ ಅರ್ಥ್ ಗುಂಡಿಯೇ (ಅರ್ಥ್ ವೈರು ನೆಲಕ್ಕೆ ಸೇರುವ ಹಳ್ಳ) ಇಲ್ಲದಿದ್ದರೂ ಬಟನ್ ಒತ್ತಿದರೆ ಬೀಳುತ್ತದೆ.

ವೈರನ್ನು ಅರ್ಥ್ ಬಾರಿಗೆ ಸೇರಿಸಿದ ಮೇಲೆ ಫೇಸ್–ಅರ್ಥ್ 230, ನ್ಯೂಟ್ರಲ್–ಅರ್ಥ್ 0.8 ವೋಲ್ಟ್. ಅರ್ಥ್ ಗುಂಡಿಯ ಗುಣ ಅಂದಾಜಿಸಲು, ಡಿಬಿಯಲ್ಲೇ ಆರ್‌ಸಿಸಿಬಿಗೆ ಮೊದಲಿನ ಫೇಸಿನಿಂದ ಅರ್ಥ್ ಬಾರಿಗೆ 100 ವ್ಯಾಟಿನ ಬಲ್ಬನ್ನು ಕ್ಷಣಕಾಲ ಹಚ್ಚಿದಾಗ ವೋಲ್ಟೇಜ್ 5 ವೋಲ್ಟ್ ಇಳಿಯಿತು. ಬಲ್ಬಿನ ಕರೆಂಟು ಸುಮಾರು 0.43 ಆಂಪಿಯರ್, ಅಂದರೆ ದಾರಿಯ ರೆಸಿಸ್ಟೆನ್ಸ್ ಸುಮಾರು 12 ಓಮ್. ಇದು ತಿಳಿದವರು ಮಾತ್ರ ಮಾಡುವ ಪರೀಕ್ಷೆ; ಬಲ್ಬಿನ ಬದಲು ಗೀಸರ್ ಹಚ್ಚಿದರೆ ಮನೆಯ ಎಲ್ಲ ಅರ್ಥ್ ವೈರುಗಳಿಗೆ ಎಪ್ಪತ್ತು ವೋಲ್ಟಿನ ಹತ್ತಿರ ಏರುತ್ತದೆ.

12 ಓಮ್ ಒಳ್ಳೆಯದೇ ಕೆಟ್ಟದ್ದೇ? ಲೆಕ್ಕ ಹಾಕಿ ನೋಡಬೇಕು. ಗೀಸರಿನ ಮೈಗೆ ಫೇಸ್ ನೇರವಾಗಿ ತಾಗಿತೆನ್ನಿ. 230ನ್ನು 12ರಿಂದ ಭಾಗಿಸಿದರೆ 19 ಆಂಪಿಯರ್. 16 ಆಂಪಿಯರಿನ ಸಿ ಮಾದರಿಯ ಎಂಸಿಬಿ ಕ್ಷಣದಲ್ಲಿ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 19ಕ್ಕೆ ಅದು ಗಂಟೆಗಟ್ಟಲೆ ಸುಮ್ಮನಿರಬಹುದು, ಅಷ್ಟು ಹೊತ್ತು ಗೀಸರಿನ ಮೈಮೇಲೆ ಪ್ರಾಣಾಪಾಯದ ವೋಲ್ಟೇಜ್. 30 ಮಿಲಿಆಂಪಿಯರಿನ ಆರ್‌ಸಿಸಿಬಿಯಾದರೆ ಇದೇ ಗುಂಡಿಯ ಮೇಲೆ ತಕ್ಷಣ ಬೀಳುತ್ತದೆ. ಬಚ್ಚಲುಮನೆಯ ಸರ್ಕ್ಯೂಟಿನಿಂದ ಆರ್‌ಸಿಸಿಬಿಯನ್ನು ತಪ್ಪಿಸಿದ್ದು ಎಷ್ಟು ದೊಡ್ಡ ತಪ್ಪೆಂದು ಈ ಒಂದು ಭಾಗಾಕಾರ ಹೇಳುತ್ತದೆ. ಗುಂಡಿಗೆ ನೀರು ಹಾಕಿಸಿ, ಕಿಲುಬು ಹಿಡಿದ ಕ್ಲ್ಯಾಂಪ್ ಉಜ್ಜಿ ಹೊಸ ನಟ್ಟು ಬೋಲ್ಟು ಹಾಕಲಾಯಿತು. ಬೇಸಿಗೆಯಲ್ಲಿ ಗುಂಡಿ ಒಣಗದಂತೆ ನೋಡಿಕೊಳ್ಳುವುದು ಮನೆಯವರ ಕೆಲಸ.

ಅರ್ಥ್ ಸಿಗದಾಗ ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿನಿಂದ ಅರ್ಥಿಗೆ ಒಂದು ತುಂಡು ವೈರು ಕೊಡುವವರಿದ್ದಾರೆ. ಟೆಸ್ಟ್ ಲ್ಯಾಂಪ್ ಬೆಳಗುತ್ತದೆ, ಎಲ್ಲ ಸರಿಯಾದಂತೆ ಕಾಣುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ನ್ಯೂಟ್ರಲ್ ದಾರಿಯಲ್ಲಿ ಎಲ್ಲಾದರೂ ಕಡಿದ ಕ್ಷಣ ಎಲಿಮೆಂಟಿನ ಮೂಲಕ ಬಂದ ಫೇಸ್ ಆ ತುಂಡಿನಿಂದ ಗೀಸರಿನ ಮೈಗೆ ಏರುತ್ತದೆ. ಈ ಮನೆಯ ನ್ಯೂಟ್ರಲ್ ಕಡಿಯಲು ಎಷ್ಟು ಹತ್ತಿರವಿತ್ತೆಂದು ಮುಂದೆ ಗೊತ್ತಾಯಿತು.

ಬಲ ತೂತು ಏಕೆ ಸುಟ್ಟಿತು

ಸುಟ್ಟದ್ದು ಎರಡು ಸಾಕೆಟ್, ಎರಡರಲ್ಲೂ ಒಂದೇ ತೂತು. ಸಾಕೆಟ್ ಬದಲಾಗಿದೆ, ಬದಲಾಗದ್ದು ಫೇಸ್ ವೈರಿನ ಕಪ್ಪು ತುದಿ ಮತ್ತು ಗೀಸರಿನ ಪ್ಲಗ್.

ಪ್ಲಗ್ಗಿನ ಫೇಸ್ ಪಿನ್ ಹೊಳಪು ಕಳೆದುಕೊಂಡು ಕಪ್ಪಾಗಿ, ಮೇಲ್ಮೈ ತರಿತರಿಯಾಗಿತ್ತು. ಇಂಥ ಪಿನ್ನಿನಿಂದ 0.1 ಓಮ್ ರೆಸಿಸ್ಟೆನ್ಸ್ ಹುಟ್ಟಿದರೆ ಸಾಕು, 8.7ರ ವರ್ಗಕ್ಕೆ 0.1 ಗುಣಿಸಿದಾಗ ಏಳೂವರೆ ವ್ಯಾಟ್ ಶಾಖ ಆ ಪುಟ್ಟ ಜಾಗದಲ್ಲೇ ನಿಲ್ಲುತ್ತದೆ. ಶಾಖಕ್ಕೆ ಸಾಕೆಟ್ಟಿನೊಳಗಿನ ಹಿತ್ತಾಳೆ ಸ್ಪ್ರಿಂಗು ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದಂತೆ ರೆಸಿಸ್ಟೆನ್ಸ್ ಏರುತ್ತದೆ, ಶಾಖ ಇನ್ನೂ ಹೆಚ್ಚುತ್ತದೆ. ಮೀನಿನಂಥ ವಾಸನೆ ಬಿಸಿಯಾದ ಪ್ಲಾಸ್ಟಿಕ್ಕಿನದು. ಅದು ಬಂದಾಗ ಅಡುಗೆಮನೆಯಲ್ಲಿ ಹುಡುಕದೆ ಸಾಕೆಟ್ ಮುಟ್ಟಿ ನೋಡಬೇಕು. ಎಂಸಿಬಿ ಇದನ್ನು ಕಾಣಲಾರದು, ಏಕೆಂದರೆ ಕರೆಂಟು ಒಂದು ಚೂರೂ ಹೆಚ್ಚಾಗಿರುವುದಿಲ್ಲ.

ಸಾಕೆಟ್ ಸುಟ್ಟರೆ ಪ್ಲಗ್ಗನ್ನೂ ಬದಲಿಸಲೇಬೇಕು. ಮರಳುಕಾಗದದಿಂದ ಉಜ್ಜಿ ಮತ್ತೆ ಬಳಸುವುದು ಪ್ರಯೋಜನವಿಲ್ಲ. ಮೇಲಿನ ಲೇಪ ಹೋದ ಪಿನ್ನು ಬೇಗ ಮತ್ತೆ ಕಪ್ಪಾಗುತ್ತದೆ. ಇಲ್ಲಿ ಎರಕದ ಪ್ಲಗ್ಗನ್ನು ಕತ್ತರಿಸಿ, ಕೇಬಲ್ಲಿನ ಬಿಸಿ ತಿಂದ ನಾಲ್ಕು ಇಂಚನ್ನೂ ತೆಗೆದು, 16 ಆಂಪಿಯರಿನ ಹೊಸ ಪ್ಲಗ್ ಟಾಪ್ ಹಾಕಲಾಯಿತು. ಒಳಗೆ ಅರ್ಥ್ ಎಳೆಯನ್ನು ಉಳಿದೆರಡಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಡಬೇಕು, ಕೇಬಲ್ ಜಗ್ಗಿದರೆ ಕೊನೆಗೆ ಕಳಚುವುದು ಅದಾಗಿರಬೇಕು. ಕೇಬಲ್ ಹಿಡಿಯುವ ಪಟ್ಟಿಯ ಎರಡೂ ಸ್ಕ್ರೂ ಹೊರಕವಚದ ಮೇಲೆ ಕೂರಬೇಕು, ಒಳ ಎಳೆಗಳ ಮೇಲಲ್ಲ.

ಲೋಡ್ ಹಾಕಿದಾಗ ಮಾತ್ರ ಕಂಡದ್ದು

ಇಷ್ಟಕ್ಕೆ ಮುಗಿಸಬಹುದಿತ್ತು. ಗಿಡ್ಡವಾಗಿದ್ದ ಹಳೆಯ ನ್ಯೂಟ್ರಲ್ ಬಾಲಕ್ಕೆ ಕನೆಕ್ಟರಿನಿಂದ ತಾತ್ಕಾಲಿಕ ತುಂಡು ಜೋಡಿಸಿ ನೋಡಿದಾಗ ಫೇಸ್–ನ್ಯೂಟ್ರಲ್ 231 ವೋಲ್ಟ್, ಆರ್‌ಸಿಸಿಬಿ ಬೀಳಲಿಲ್ಲ, ಗೀಸರ್ ಹತ್ತಿತು. ಆದರೆ ಲೋಡ್ ಇಲ್ಲದಾಗಿನ, ಅಂದರೆ ಗೀಸರ್ ಓಡದಿರುವಾಗಿನ, 231 ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಂದೇ ಎಳೆ ತಾಮ್ರ ಉಳಿದಿರುವ ಜಾಯಿಂಟಿನಲ್ಲೂ ಮೀಟರ್ 231 ತೋರಿಸುತ್ತದೆ.

ಗೀಸರ್ ಓಡುತ್ತಿರುವಾಗ ಅಳೆದಾಗ ಡಿಬಿಯಲ್ಲಿ 230, ಸಾಕೆಟ್ಟಿನಲ್ಲಿ 222. ಎಂಟು ವೋಲ್ಟ್ ದಾರಿಯಲ್ಲಿ ಎಲ್ಲೋ ಉಳಿದಿದೆ. ಡಿಬಿಯಿಂದ ಸಾಕೆಟ್ಟಿಗೆ ಪೈಪಿನ ದಾರಿ ಸುಮಾರು 18 ಮೀಟರ್, ಹೋಗಿಬರಲು 36. 3/20 ವೈರಿಗೆ ಇಷ್ಟು ಉದ್ದಕ್ಕೆ 0.33 ಓಮ್ ಆಗುತ್ತದೆ, 8.4 ಆಂಪಿಯರಿಗೆ 2.8 ವೋಲ್ಟ್ ಇಳಿಯುವುದು ನ್ಯಾಯ. ಮಿಕ್ಕ 5.2 ವೋಲ್ಟ್ ಎಲ್ಲಿ?

ಡಿಬಿಯ ನ್ಯೂಟ್ರಲ್ ಬಾರಿನಿಂದ ಒಂದು ಉದ್ದನೆಯ ಇನ್ಸುಲೇಟೆಡ್ ವೈರನ್ನು ಬಚ್ಚಲುಮನೆವರೆಗೆ ನೆಲದ ಮೇಲೆ ಹಾಸಿ, ಅದಕ್ಕೂ ಸಾಕೆಟ್ಟಿನ ನ್ಯೂಟ್ರಲ್ಲಿಗೂ ನಡುವೆ ಅಳೆದಾಗ 6.6 ವೋಲ್ಟ್. ವೈರಿನ ಅರ್ಧ ಪಾಲು 1.4 ಕಳೆದರೆ ಉಳಿದದ್ದು ಪೂರ್ತಿ 5.2. ತಪ್ಪು ನ್ಯೂಟ್ರಲ್ ದಾರಿಯಲ್ಲಿ, ಒಂದೇ ಜಾಗದಲ್ಲಿ. 5.2 ವೋಲ್ಟನ್ನು 8.4ಕ್ಕೆ ಗುಣಿಸಿದರೆ 44 ವ್ಯಾಟ್. ಸಾಮಾನ್ಯ ಸೋಲ್ಡರಿಂಗ್ ಐರನ್ನಿನ ಶಾಖ 25 ವ್ಯಾಟ್. ಅದಕ್ಕಿಂತ ಬಹಳ ಹೆಚ್ಚಿನ ಶಾಖ ಈ ಗೋಡೆಯೊಳಗೆ ಪ್ರತಿ ಬೆಳಿಗ್ಗೆ ಉರಿಯುತ್ತಿತ್ತು.

ದಾರಿಯಲ್ಲಿ ಸೀಲಿಂಗಿಗೆ ಒಂದಡಿ ಕೆಳಗೆ, ಬಣ್ಣ ಬಳಿದು ಮುಚ್ಚಿಹೋಗಿದ್ದ ಜಂಕ್ಷನ್ ಬಾಕ್ಸ್ ಒಂದಿತ್ತು. ಮುಚ್ಚಳ ತೆಗೆದಾಗ ನ್ಯೂಟ್ರಲ್ ಜಾಯಿಂಟಿನ ಟೇಪ್ ಕರಗಿ ಇದ್ದಿಲಾಗಿತ್ತು, ಮೂರು ಎಳೆಗಳಲ್ಲಿ ಎರಡು ಕಡಿದಿದ್ದವು. ಎರಡು ವೈರನ್ನು ಕೈಯಿಂದ ತಿರುಚಿ ಟೇಪ್ ಸುತ್ತಿದ ಜಾಯಿಂಟು ಅದು. ಬಿಸಿಯಾಗಿ ಹಿಗ್ಗಿ, ತಣಿದು ಕುಗ್ಗಿ, ವರ್ಷಗಟ್ಟಲೆ ಹೀಗೆ ನಡೆದು ಸಡಿಲವಾಗಿತ್ತು. ಇನ್ನೂ ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ವೈರು ಸಿಗುತ್ತದೆ. ಅದನ್ನು ತಾಮ್ರಕ್ಕೆ ತಿರುಚಿ ಕಟ್ಟಿದ್ದರೆ ಇನ್ನೂ ಬೇಗ ಕೆಡುತ್ತದೆ.

ಡಿಬಿಯಲ್ಲಿ ಇನ್ನೊಂದು ಅಚಾತುರ್ಯ ಸಿಕ್ಕಿತು: ಈ ವೈರಿನ ಮೇಲೆ 32 ಆಂಪಿಯರಿನ ಎಂಸಿಬಿ ಇತ್ತು. 2 ಚದರ ಮಿಲಿಮೀಟರಿನ ವೈರು, 16 ಆಂಪಿಯರಿನ ಸಾಕೆಟ್, ಎರಡನ್ನೂ ಕಾಯಲು ಅದು ತೀರ ದೊಡ್ಡದು.

ದುರಸ್ತಿ

ಹಳೆಯ ವೈರಿನ ಮೇಲೆ ತೇಪೆ ಹಾಕುವ ಬದಲು ಡಿಬಿಯಿಂದ ಸಾಕೆಟ್ಟಿನವರೆಗೆ ಮೂರೂ ವೈರನ್ನು ಹೊಸದಾಗಿ ಎಳೆಯಲಾಯಿತು. 2 ಕಿಲೋವ್ಯಾಟಿಗೆ 2.5 ಚದರ ಮಿಲಿಮೀಟರ್ ಸಾಕು. ಆದರೂ 4 ಆರಿಸಿದ್ದು, ನಾಳೆ ಯಾರಾದರೂ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ತಂದರೆ 13 ಆಂಪಿಯರ್ ಹರಿಯುತ್ತದೆ ಎಂಬ ಕಾರಣಕ್ಕೆ. ಐಎಸ್ 694 ಮುದ್ರೆಯ ಎಫ್‌ಆರ್ (ಬೆಂಕಿ ಬೇಗ ಹರಡದ) ವೈರು, ಕೆಂಪು, ಕಪ್ಪು, ಹಸಿರು ತಲಾ 20 ಮೀಟರ್. ಅರ್ಥ್ ವೈರನ್ನು ತೆಳ್ಳಗೆ ಕೊಳ್ಳುವ ಅಭ್ಯಾಸವಿದೆ; ಈ ಗಾತ್ರಗಳಲ್ಲಿ ಅದು ಫೇಸಿನಷ್ಟೇ ಇರಬೇಕು. ಉಳಿದ ಸಾಮಾನು: 16 ಆಂಪಿಯರಿನ ಶಟರ್ ಇರುವ ಸಾಕೆಟ್ 1, ಎರಡು ಮಾಡ್ಯೂಲಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಬಾಕ್ಸ್ ಮತ್ತು ಪ್ಲೇಟ್ 1, ಹೊರಗಿನ ಬೋರ್ಡಿಗೆ 20 ಆಂಪಿಯರಿನ ಇಂಡಿಕೇಟರ್ ಇರುವ ಡಿಪಿ ಸ್ವಿಚ್ 1, 16 ಆಂಪಿಯರ್ ಸಿ ಮಾದರಿಯ ಎಂಸಿಬಿ 1, ಪ್ಲಗ್ ಟಾಪ್ 1, 4 ಚದರ ಮಿಲಿಮೀಟರಿನ ಪಿನ್ ಲಗ್ (ವೈರಿನ ತುದಿಗೆ ಹಾಕುವ ಲೋಹದ ಪಿನ್ನು) ಒಂದು ಡಜನ್, ಎಕ್ಸಾಸ್ಟ್ ಫ್ಯಾನಿಗೆ ಹೊಸ ಕನೆಕ್ಟರ್. ಡಿಪಿ ಸ್ವಿಚ್ ಏಕೆಂದರೆ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಸ್ನಾನಕ್ಕೆ ಇಳಿಯುವ ಮುನ್ನ ಆಫ್ ಮಾಡುವ ಮನೆಯಲ್ಲಿ ಆ ಹೆಚ್ಚಿನ ರಕ್ಷಣೆಗೆ ಬೆಲೆಯಿದೆ.

ಹಳೆಯ ವೈರನ್ನೇ ದಾರವಾಗಿ ಬಳಸಿ ಹೊಸದನ್ನು ಎಳೆಯಬಹುದು. ಮೂರೂ ತುದಿಗಳನ್ನು ಒಂದೇ ಜಾಗದಲ್ಲಿ ಗಂಟು ಹಾಕಿದರೆ ಪೈಪಿನ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಎರಡೆರಡು ಇಂಚು ಹಿಂದೆಮುಂದೆ ಕಟ್ಟಿ ಟೇಪನ್ನು ನಯವಾಗಿ ಸುತ್ತಿ ಪೌಡರ್ ಸವರಬೇಕು. ಒಬ್ಬರು ಎಳೆಯುವಾಗ ಇನ್ನೊಬ್ಬರು ಆ ತುದಿಯಿಂದ ತಳ್ಳಬೇಕು. ಇಲ್ಲಿ ಎರಡನೇ ಬೆಂಡಿನಲ್ಲಿ ನಿಂತಾಗ ಜಂಕ್ಷನ್ ಬಾಕ್ಸಿನಲ್ಲೇ ಹೊರತೆಗೆದು ಎರಡು ಹಂತದಲ್ಲಿ ಎಳೆಯಲಾಯಿತು. ಆ ಬಾಕ್ಸಿನಲ್ಲಿ ಈಗ ಜಾಯಿಂಟೇ ಇಲ್ಲ, ವೈರು ಇಡಿಯಾಗಿ ಹಾದುಹೋಗುತ್ತದೆ.

ಮರದ ಬಾಕ್ಸಿನ ಒಂದು ಬದಿ ಕರಿದಿತ್ತು. ಅದನ್ನು ಕಿತ್ತು, ಗೋಡೆಯನ್ನು ಬೇಕಾದಷ್ಟೇ ಕೊರೆದು ಜಿಐ ಬಾಕ್ಸ್ ಕೂರಿಸಿ ಸಿಮೆಂಟ್ ಮೆತ್ತಲಾಯಿತು. ಬಾಕ್ಸಿನ ಅಂಚು ಟೈಲ್ಸಿನ ಮಟ್ಟಕ್ಕೆ ಸಮ ಬರಬೇಕು. ಒಳಕ್ಕೆ ಹೋದರೆ ಸ್ಕ್ರೂ ಎಟುಕದು, ಹೊರಗೆ ಉಳಿದರೆ ಪ್ಲೇಟಿನ ಹಿಂದೆ ಸಂದಿ ಬಿದ್ದು ಹಬೆ ಒಳಗೆ ಸೇರುತ್ತದೆ. ಸಿಮೆಂಟ್ ಪೂರ್ತಿ ಒಣಗುವವರೆಗೆ ವೈರು ಜೋಡಿಸಲಿಲ್ಲ. ಲೋಹದ ಬಾಕ್ಸಿಗೂ ಅರ್ಥ್ ಕೊಡಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಬಾಕ್ಸಿನ ಅರ್ಥ್ ಸ್ಕ್ರೂವಿಗೆ ಒಂದು ಗಿಡ್ಡ ಹಸಿರು ತುಂಡು ಹೋಯಿತು.

ಬಾಕ್ಸಿನಿಂದ ಹೊರಗೆ ಆರು ಇಂಚು ವೈರು ಬಿಡಲಾಯಿತು, ಮುಂದೆ ಬದಲಿಸುವವರಿಗೆ ಗಿಡ್ಡವಾಗದಿರಲೆಂದು. ಸಾಕೆಟ್ಟಿನ ಹಿಂಬದಿಯಲ್ಲಿ ಬರೆದ ಉದ್ದದಷ್ಟೇ ಸುಲಿಯಬೇಕು, ಬಹುತೇಕ ಒಂದು ಸೆಂಟಿಮೀಟರಿನ ಆಸುಪಾಸು. ಹೊಸ ವೈರಿನ ಎಳೆಗಳು ಸಣ್ಣವು, ಸ್ಕ್ರೂ ಕೆಳಗೆ ಚದುರುತ್ತವೆ, ಆದ್ದರಿಂದ ಪಿನ್ ಲಗ್ ಹಾಕಿ ಒತ್ತಿ ಕೂರಿಸಬೇಕು. ಬೆಸುಗೆಯ ಸೀಸ (ಸೋಲ್ಡರ್) ಹಾಕಿ ಗಟ್ಟಿ ಮಾಡುವುದು ತಪ್ಪು, ಸೀಸ ಒತ್ತಡಕ್ಕೆ ನಿಧಾನವಾಗಿ ಹರಿದು ಸ್ಕ್ರೂ ಸಡಿಲವಾಗುತ್ತದೆ. ಮುಂದಿನಿಂದ ನೋಡಿದಾಗ ಅರ್ಥ್ ಮೇಲೆ, ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ. ವೈರು ಜೋಡಿಸುವುದು ಹಿಂದಿನಿಂದ. ಅಲ್ಲಿ ಬಲ ಎಡ ಅದಲುಬದಲಾಗಿರುತ್ತದೆ. ಬದಿ ನೆನಪಿಟ್ಟುಕೊಳ್ಳದೆ ಟರ್ಮಿನಲ್ಲಿನ ಪಕ್ಕ ಅಚ್ಚಾದ ಗುರುತನ್ನೇ ಓದಬೇಕು. ಬಿಗಿದ ಮೇಲೆ ಪ್ರತಿ ವೈರನ್ನೂ ಜಗ್ಗಿ ನೋಡಿ, ಇನ್ನೊಮ್ಮೆ ಸ್ಕ್ರೂ ತಿರುಗಿಸಬೇಕು. ಎರಡನೇ ಸಲ ಸಾಮಾನ್ಯವಾಗಿ ಕಾಲು ಸುತ್ತು ಹೋಗುತ್ತದೆ.

ಹೊಸ ಸಾಕೆಟ್ಟಿಗೆ ಪ್ಲಗ್ ಹೋಗುತ್ತಿಲ್ಲ ಎಂಬ ದೂರು ಬರುತ್ತದೆ. ಶಟರ್ ತೆರೆಯುವುದು ಅರ್ಥ್ ಪಿನ್ ಮೊದಲು ಒಳಹೋದಾಗ. ನೇರ ಹಿಡಿದು ಒತ್ತಬೇಕು. ಸ್ಕ್ರೂಡ್ರೈವರಿನಿಂದ ಶಟರ್ ಮೀಟುವುದು ಬೇಡವೇ ಬೇಡ.

ಮುಗಿದ ಮೇಲಿನ ಅಳತೆ

ಗೀಸರ್ ಇಲ್ಲದಾಗ ಫೇಸ್–ನ್ಯೂಟ್ರಲ್ 231, ಫೇಸ್–ಅರ್ಥ್ 230. 2 ಕಿಲೋವ್ಯಾಟ್ ಓಡುವಾಗ ಡಿಬಿಯಲ್ಲಿ 230, ಸಾಕೆಟ್ಟಿನಲ್ಲಿ 228.5; 4 ಚದರ ಮಿಲಿಮೀಟರಿನ 36 ಮೀಟರಿಗೆ ಲೆಕ್ಕದಲ್ಲೂ ಒಂದೂವರೆ ವೋಲ್ಟೇ ಇಳಿಯಬೇಕು, ಹಾಗಾಗಿ ದಾರಿಯಲ್ಲಿ ಸಡಿಲ ಜಾಯಿಂಟಿಲ್ಲ. ಗೀಸರ್ ಮತ್ತೆ ಆರ್‌ಸಿಸಿಬಿಯ ಕೆಳಗೆ ಬಂದಿದೆ, ಲೋಡಿಗೆ ಬೀಳುವುದಿಲ್ಲ. 15 ವ್ಯಾಟಿನ ಬಲ್ಬನ್ನು ಫೇಸ್–ಅರ್ಥ್ ನಡುವೆ ಹಚ್ಚಿದಾಗ ತಕ್ಷಣ ಬಿತ್ತು. ನೀರು ಕಾದು ಥರ್ಮೋಸ್ಟಾಟ್ ಕಡಿದ ಕೂಡಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಪಿನ್ ಮುಟ್ಟಿದಾಗ ಉಗುರುಬೆಚ್ಚಗೂ ಇರಲಿಲ್ಲ. ನಲ್ಲಿಯ ಜುಮ್ಮು ಹೋಯಿತು.

ಇದರಲ್ಲಿ ಮನೆಯವರೇ ಮಾಡಿಕೊಳ್ಳಬಹುದಾದದ್ದು ಎಷ್ಟು? ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಸ್ವಿಚ್ಚು, ಫ್ಯೂಸು, ಫಿಟಿಂಗ್ ಬದಲಿಸುವುದನ್ನು ಬಿಟ್ಟು ಉಳಿದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮವೇ ಹೇಳಿತ್ತು. ಆ ಗೆರೆ ಸರಿಯಾದ ಜಾಗದಲ್ಲಿದೆ. ಅದೇ ವೈರಿಗೆ ಅದೇ ಆಂಪಿಯರಿನ ಸಾಕೆಟ್ ಹಾಕುವುದು ಜಾಗ್ರತೆಯಿರುವ ಮನೆಯವರಿಗೆ ಸಾಧ್ಯ. ಬಾಕ್ಸ್ ಬಿಚ್ಚಿದಾಗ ವೈರು ಗಿಡ್ಡವಿದ್ದರೆ, ತಾಮ್ರ ಕಪ್ಪಾಗಿ ಆ ಕಪ್ಪು ಪೈಪಿನೊಳಕ್ಕೂ ಹೋಗಿದ್ದರೆ, ಫೇಸ್–ಅರ್ಥ್ ಅಳತೆ 230ರ ಹತ್ತಿರ ಬರದಿದ್ದರೆ, ಕೆಲಸ ಅಲ್ಲಿಗೆ ನಿಲ್ಲಿಸಿ ಪ್ಲೇಟ್ ಮುಚ್ಚಿ ಆ ಎಂಸಿಬಿ ಇಳಿಸಿಟ್ಟು ಲೈಸೆನ್ಸ್ ಇರುವವರನ್ನು ಕರೆಯಬೇಕು.

ಅದೇ ಮನೆಯ ವಾಷಿಂಗ್ ಮೆಷಿನ್ ಪಾಯಿಂಟು ಇನ್ನೂ ಹಳೆಯ 3/20 ವೈರಿನಲ್ಲೇ ಇದೆ, ಆ ದಾರಿಯಲ್ಲೂ ಒಂದು ಜಂಕ್ಷನ್ ಬಾಕ್ಸಿದೆ. ಇಸ್ತ್ರಿಪೆಟ್ಟಿಗೆ ಹಾಕಿ ಲೋಡಿನಲ್ಲಿ ಅಳೆದಾಗ ಇಳಿತ ಲೆಕ್ಕದೊಳಗೇ ಬಂತು, ವೈರನ್ನು ಸದ್ಯಕ್ಕೆ ಬದಲಿಸಲಿಲ್ಲ. ಬಾಕ್ಸಿನ ಮುಚ್ಚಳದ ಬಣ್ಣ ಕೆರೆದು ತೆಗೆಯಲು ಬರುವಂತೆ ಮಾಡಿ, ತಿರುಚಿದ ಜಾಯಿಂಟುಗಳನ್ನು ಸ್ಕ್ರೂ ಕನೆಕ್ಟರಿಗೆ ಬದಲಿಸಿ, ಆರು ತಿಂಗಳಿಗೆ ಮತ್ತೆ ಅಳೆಯಬೇಕೆಂದು ಡಿಬಿ ಬಾಗಿಲ ಒಳಬದಿಯಲ್ಲಿ ದಿನಾಂಕದ ಜೊತೆ ಬರೆದಿಡಲಾಗಿದೆ.